ಹೊರಚಿಲಕ

"ಒಳಗೆ ಯಾರಾದರೂ ಇದ್ದೀರಾ?"

ಖಾಲಿ ಕಬ್ಬಿಣದ ಬೀರುವನ್ನು ಹೀಗೆ ಕೇಳಿ, ಉತ್ತರ ಬಾರದ ಮೇಲೆಯೇ ಅವಳು ಕೀಲಿ ತಿರುಗಿಸಿದಳು. ಬೀಗದ ಕೆಲಸ ಕಲಿಸಿದ ಅಪ್ಪ ಮೊಟ್ಟಮೊದಲು ಕಲಿಸಿದ್ದು ಇದನ್ನೇ. ಬೀರುವಾಗಲಿ ಬಂಗಲೆಯಾಗಲಿ, ಕೂಗದೆ ಬೀಗ ಹಾಕಬಾರದು. ಗಿರಾಕಿಗಳು ನಗುತ್ತಿದ್ದರು. ನಕ್ಕರೆ ನಗಲಿ, ಅವಳು ಬಿಟ್ಟಿರಲಿಲ್ಲ.

ಅಪ್ಪನಿಗೆ ಈಗ ಮರೆವು. ಕಳೆದ ವಾರ ಬನಿಯನ್ನಿನಲ್ಲೇ ಬೀದಿಗಿಳಿದು, ಅಣ್ಣ ಓಡಿಸುತ್ತಿದ್ದ ಬಸ್ಸಿಗೇ ಅಡ್ಡ ಬಂದು, ಕೂದಲೆಳೆಯಲ್ಲಿ ಪಾರಾಗಿದ್ದರು. ಅಂದಿನಿಂದ ಅಣ್ಣನದು ಒಂದೇ ಹಟ: ಅಪ್ಪನ ಕೋಣೆಗೆ ಹೊರಗಿನಿಂದ ಚಿಲಕ ಬೇಕು, ಸದ್ದಾಗದಂಥದ್ದು.

"ಅವರಿಗೆ ಗೊತ್ತೇ ಆಗಲ್ಲ ಕಣೇ. ಹೇಗೂ ಕಿಟಕಿ ಪಕ್ಕ ಕೂತಿರೋದೇ ಅವರಿಗಿಷ್ಟ. ಕೂತಿರೋರಿಗೆ ಬಾಗಿಲು ತೆಗೆದಿದ್ರೇನು, ಹಾಕಿದ್ರೇನು?"

ಆ ಮಾತಿಗೆ ಅವಳಿಗೆ ರೇಡಿಯೊದಲ್ಲಿ ಕೇಳಿದ್ದ ಉಪನ್ಯಾಸ ನೆನಪಾಯಿತು. ಪಶ್ಚಿಮದ ತತ್ತ್ವಜ್ಞಾನಿಯೊಬ್ಬ ಕೇಳಿದ್ದನಂತೆ: ನಿದ್ದೆಯಲ್ಲಿದ್ದವನನ್ನು ಹೊತ್ತೊಯ್ದು, ಅವನ ಪ್ರಾಣಸ್ನೇಹಿತನಿದ್ದ ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಬೀಗ ಹಾಕಿದರು. ಎಚ್ಚರವಾದವನು ಸ್ನೇಹಿತನನ್ನು ಕಂಡು ಹಿಗ್ಗಿ ಹರಟೆಗೆ ಕೂತ. ಹೋಗುವ ಮನಸ್ಸೇ ಇಲ್ಲ. ಇರುವುದು ಅವನ ಇಷ್ಟವೇ. ಹಾಗಂತ ಅವನು ಸ್ವತಂತ್ರನೇ? ಕೇಳಿದಾಗಿನಿಂದ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು.

ಸಂಜೆ ಅದನ್ನೇ ಅಪ್ಪನಿಗೆ ಕಥೆಯಾಗಿ ಹೇಳಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದರು.

"ಹರಟೆ ಚೆನ್ನಾಗಿತ್ತಾ?"

"ಬಹಳ ಚೆನ್ನಾಗಿತ್ತಂತೆ."

"ಹಾಗಾದ್ರೆ ಅವನಿಗೇನು ನಷ್ಟ!"

ಬಾಗಿಲ ಬಳಿ ನಿಂತಿದ್ದ ಅಣ್ಣ ಗೆದ್ದವನಂತೆ ತಂಗಿಯ ಮುಖ ನೋಡಿದ. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.

"ಅದಿರಲಿ, ಬೀಗ ಹಾಕೋ ಮುಂಚೆ ಕೂಗಿದ್ರೇನಮ್ಮಾ?"

"ಇಲ್ಲಪ್ಪ."

"ಥೂ! ಎಂಥ ಕೆಲಸಗಾರರು ಅವರು?"

ಅವಳು ಎದ್ದು ಸೆರಗು ಕೊಡವಿದಳು. "ನಾಳೆಯಿಂದ ಅಪ್ಪ ನನ್ನ ಜೊತೆ ಅಂಗಡಿಗೆ ಬರ್ತಾರೆ."

"ನೀನು ಗಿರಾಕಿಗಳ ಮನೆಗೆ ಹೋದಾಗ?"

"ಅಲ್ಲಿಗೂ ಬರ್ತಾರೆ. ಕೂಗೋಕೆ ಒಂದು ಗಟ್ಟಿ ಗಂಟಲು ಬೇಕಿತ್ತು."

"ತಮಾಷೆ ಬೇಡ. ಕಣ್ಣು ಮುಚ್ಚಿದ್ರೆ ನನಗೆ ಆ ಬಸ್ಸೇ ಕಾಣುತ್ತೆ ಕಣೇ." ಅಣ್ಣನ ದನಿ ನಡುಗಿತು; ಅದರಲ್ಲಿ ಸುಳ್ಳಿರಲಿಲ್ಲ. "ರಾತ್ರಿ ಹೊತ್ತಿಗಾದ್ರೂ ಒಂದು ಚಿಲಕ ಹಾಕ್ಕೊಡು. ನಿನ್ನ ದಮ್ಮಯ್ಯ."

"ರಾತ್ರಿ ಬಾಗಿಲಿಗೆ ಅಡ್ಡ ನಾನೇ ಮಲಗ್ತೀನಿ. ದಾಟೋದಾದ್ರೆ ನನ್ನ ಎಬ್ಬಿಸಿಯೇ ದಾಟ್ಲಿ. ಚಿಲಕ ಮಾತ್ರ ಹಾಕಲ್ಲ ಅಣ್ಣ. ನೀನು ಅತ್ರೂ ಹಾಕಲ್ಲ."