ಒಂದೇ ಮನೆಯವರು

ದೋಹಾದ ಒಂದು ವಿಲ್ಲಾದೊಳಗೆ ಪ್ಲೈವುಡ್ ಗೋಡೆ ಹೊಡೆಸಿ ಎರ್ಲಿಂಡಾ ಕದ್ದುಮುಚ್ಚಿ ಗೂಡುಗೂಡಾಗಿ ಬಾಡಿಗೆಗೆ ಕೊಟ್ಟಿದ್ದಳು. ಗುಟ್ಟು ಬಯಲಾದೀತೆಂದು ಅವಳು ಶಾಲೆಯವರು ಕೇಳುವ ವಿಳಾಸದ ಕಾಗದ ಕೊಡದ್ದರಿಂದ, ಅಲ್ಲಿ ಬಾಡಿಗೆಗಿದ್ದ ನರ್ಸ್ ರೋವೆನಾಳ ಮಗಳಿಗೆ ಶಾಲೆಯೇ ಸಿಗಲಿಲ್ಲ. ಮಗುವನ್ನು ಫಿಲಿಪ್ಪೀನ್ಸಿನ ತಮ್ಮೂರು ಸೆಬುವಿಗೆ ವಾಪಸು ಕಳಿಸಬೇಕಾಯಿತು.

ಇವತ್ತು ನಗರಸಭೆಯವರು, ವಿಲ್ಲಾದಲ್ಲಿ ನಿಯಮದಂತೆ ಒಂದೇ ಕುಟುಂಬವಿದೆಯೇ ಎಂದು ನೋಡಲು, ಬಾಗಿಲಿಗೆ ಬಂದಿದ್ದರು.

"ಇವ್ರೆಲ್ಲ ನನ್ನ ತಂಗೀರು ಸಾರ್, ಒಂದೇ ಮನೆಯವ್ರು," ಎಂದು ಎರ್ಲಿಂಡಾ ರೋವೆನಾಳ ಹೆಗಲು ತಬ್ಬಿದಳು. "ಹೇಳೇ, ತಂಗಿ!"

ನಿಜ ಹೇಳಿದರೆ ಸಂಜೆಯೊಳಗೆ ತಾನೂ ಬೀದಿಗೆ ಬೀಳುವುದು ರೋವೆನಾಳಿಗೆ ಗೊತ್ತಿತ್ತು.

"ಕಾಗದ ಕೇಳಿದ್ರೆ 'ನೀನ್ಯಾರೇ ನಂಗೆ' ಅಂದ್ಯಲ್ಲಕ್ಕಾ, ಈಗ ತಂಗಿಯಾ?" ಎಂದು ರೋವೆನಾ ಹೆಗಲ ಮೇಲಿದ್ದ ಅವಳ ಕೈ ಕೊಡವಿದಳು. "ಸಾರ್, ನಾನು ಬಾಡಿಗೆಯವಳು. ಒಳಗೆ ಇನ್ನೂ ಬೇಜಾನ್ ಜನ ಇದಾರೆ. ಬನ್ನಿ, ತೋರಿಸ್ತೀನಿ."

ಮೊದಲು ತನ್ನ ಗೂಡಿನ ಬಾಗಿಲನ್ನೇ ತೆರೆದಳು.