ಇನ್ನೂರು ಏಟಿನ ಹಾಲು

ನೂರಾ ಮೂವತ್ತನೇ ಏಟಿಗೆ ಮಗ್ಗ ನಿಂತುಬಿಟ್ಟಿತು. ಹಿತ್ತಿಲ ಬಾಗಿಲಲ್ಲಿ ಕೂತು ಲಾಳಿಯ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದ ಪೆರಿಯನಾಯಕಿಯ ಕೈಯೂ ನಿಂತಿತು. ಹಿಂದೆ ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ಹಾಲಿತ್ತು. ಮುಂಗೋಣೆಯ ಗುಂಡಿಮಗ್ಗದಲ್ಲಿ ಗಂಡ ಮೈಲ್‌ಸಾಮಿ ಇನ್ನೂರು ಏಟು ಹಾಕುವಷ್ಟರಲ್ಲಿ ಹಾಲು ಉಕ್ಕಿಗೆ ಬರುತ್ತದೆ, ಅನ್ನಕ್ಕಾದರೆ ಎಂಟುನೂರು. ಸಿರುಮುಗೈಗೆ ಸೊಸೆಯಾಗಿ ಬಂದ ಈ ನಲವತ್ತು ವರ್ಷವೂ ಅವಳಿಗೆ ಅದೇ ಗಡಿಯಾರ. ಎಳೆ ಕಿತ್ತಿರಬೇಕು, ಗಂಟು ಹಾಕಿ ಮತ್ತೆ ಶುರು ಮಾಡುತ್ತಾರೆ ಎಂದುಕೊಂಡು, ನೂರಾ ಮೂವತ್ತನ್ನು ಬಾಯಲ್ಲೇ ಹಿಡಿದು ಕಾದಳು.

ಮಗ್ಗ ನಿಂತರೆ ಒಲೆಯೂ ನಿಲ್ಲುತ್ತದೆಯೇ, ಪುಣ್ಯಾತ್ಗಿತ್ತಿ!

"ಅಯ್ಯೋ ಅತ್ತೇ! ಗ್ಯಾಸು!" ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅಡುಗೆಮನೆಗೆ ಬಂದ ಸೊಸೆ ಕೃತ್ತಿಕಾ ಕಿರುಚಿದಳು. ಹಾಲು ಉಕ್ಕಿ ಬೆಂಕಿ ಆರಿಹೋಗಿತ್ತು, ಗ್ಯಾಸು ಬುಸುಗುಡುತ್ತಲೇ ಇತ್ತು. ಅವಳು ಒಲೆ ತಿರುಗಿಸಿ, ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ದಡಬಡ ತೆರೆದಳು. "ಇಷ್ಟು ಹತ್ರ ಕೂತಿದ್ರಲ್ಲ, ವಾಸನೆ ಬರ್ಲಿಲ್ವಾ?"

"ನೆಗಡಿ ಕಣ್ಣಮ್ಮಾ," ಎಂದಳು ಪೆರಿಯನಾಯಕಿ.

ನೆಗಡಿಯೂ ಇಲ್ಲ, ಮಣ್ಣೂ ಇಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಇಳಿಯಿತು, ಹೋಗುವಾಗ ಮೂಗನ್ನೂ ಕೊಂಡುಹೋಯಿತು. ಮುಂಚೆಲ್ಲ ಮಗ್ಗ ನಿಂತಾಗ ಹಾಲಿನ ವಾಸನೆಯೇ ಅವಳನ್ನು ಎಬ್ಬಿಸುತ್ತಿತ್ತು. ಈಗ ಸಾಂಬಾರಿಗೆ ಕೈಯಳತೆ, ಒಗ್ಗರಣೆಗೆ ಸಾಸಿವೆಯ ಚಟಪಟ, ಉಳಿದದ್ದಕ್ಕೆ ಮಗ್ಗದ ಏಟು. ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಶನಿವಾರ ಮಗ ಇಳಂಗೋ ಕರೆಂಟು ಒಲೆ ತಂದಿಟ್ಟು ಮಗ್ಗದ ಸಂಘದ ಸಭೆಗೆ ಹೋದ. ಸೋಮವಾರ ಕೃತ್ತಿಕಾಳ ಬಾಣಂತಿ ರಜೆ ಮುಗಿಯುತ್ತದೆ, ಮೇಟ್ಟುಪಾಳಯದ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹೊರಡಬೇಕು. ಏಳು ತಿಂಗಳ ಇಲಕ್ಕಿಯಾ ಅಜ್ಜಿಯ ಕೈಯಲ್ಲಿರಬೇಕು. ಇಲ್ಲವೇ ಉಡುಮಲೈಪೇಟೆಯಲ್ಲಿ ಕೃತ್ತಿಕಾಳ ತಾಯಿಯ ಹತ್ತಿರ ಇದ್ದು, ವಾರಕ್ಕೊಮ್ಮೆ ಬರಬೇಕು.

"ಇದರಲ್ಲಿ ಗ್ಯಾಸೂ ಇಲ್ಲ, ಬೆಂಕೀನೂ ಇಲ್ಲ ಅತ್ತೆ. ನಿಮ್ಗೇ ನೆಮ್ಮದಿ," ಎನ್ನುತ್ತ ಕೃತ್ತಿಕಾ ಒಂದೊಂದೇ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿದಳು. ಅಂಟುವ ಪಾತ್ರೆಯಷ್ಟೇ ಆ ಒಲೆಗೆ ಆಗುವುದು; ಹದಿನಾರರಲ್ಲಿ ಮೂರಕ್ಕೆ ಅಂಟಿತು.

"ನೋಡ್ದ್ಯಾ? ನನ್ ಪಾತ್ರೆಗೇ ಅದು ಬೇಡ," ಪೆರಿಯನಾಯಕಿ ಸೆರಗು ಸಿಕ್ಕಿಸಿ ನಿಂತಳು. ಒಲೆ ಬದಲಾದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಸೀದುಹೋಗುತ್ತದೆ, ಸೀದದ್ದು ತನಗೆ ತಿಳಿಯುವುದಿಲ್ಲ, ಗುಟ್ಟು ರಟ್ಟಾಗಿ ಮಗು ಬಸ್ಸು ಹತ್ತುತ್ತದೆ. ಆ ದಿಗಿಲಿಗೆ ಬಾಯಿ ಜೋರಾಯಿತು. "ಕರೆಂಟು ಪೋಯ್ತು ಅಂದ್ರೆ ಪಾಪಾಗೆ ಹಸಿ ಹಾಲು ಕುಡಿಸ್ಲಾ? ಕತ್ತರಿಕಾಯಿ ಎಲ್ಲಿ ಸುಡ್ಲಿ, ನಿನ್ ತಲೆ ಮೇಲಾ? ಏನುಂಗೋ, ನೀವಾದ್ರೂ ಹೇಳಿ!"

ಮೈಲ್‌ಸಾಮಿ ಮಗ್ಗದ ಗುಂಡಿಯಿಂದ ತಲೆ ಎತ್ತಲಿಲ್ಲ. ಮಾತಿಗೆ ಅಷ್ಟು ಕಂಜೂಸು ಮನುಷ್ಯ.

ಭಾನುವಾರ ಬೆಳಿಗ್ಗೆ ಕೃತ್ತಿಕಾ ಸೋತಳು. "ಶರಿ ಅತ್ತೆ, ಗ್ಯಾಸೇ ಇರ್ಲಿ. ನೆಗಡಿ ಬಿಟ್ರೆ ನಿಮ್ ಮೂಗಿಗಿಂತ ಒಳ್ಳೆ ಕಾವಲು ಯಾವ್ದಿದೆ? ನಿಮ್ಮನ್ನ ನಂಬಿ ತಾನೆ ಪಾಪನ್ನ ಬಿಟ್ಟೋಗ್ತಾ ಇರೋದು," ಎಂದು, ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದ ಮಗುವನ್ನು ಅವಳ ಮಡಿಲಿಗೆ ಕೊಟ್ಟಳು.

ಗೆದ್ದಳಲ್ಲ ಪೆರಿಯನಾಯಕಿ! ಗೆದ್ದ ಖುಷಿಗೆ ಮಗುವಿನ ನೆತ್ತಿಗೆ ಮೂಗು ಒತ್ತಿ ಉಸಿರೆಳೆದಳು. ಬಿಸಿ ತಿಳಿಯಿತು, ಕೂದಲ ಮೆತ್ತಗೆ ತಿಳಿಯಿತು. ಸಾಂಬ್ರಾಣಿ ಇಲ್ಲ, ಹಾಲಿಲ್ಲ, ಮಗುವೂ ಇಲ್ಲ. ಮತ್ತೆ ಎಳೆದಳು. ನೆತ್ತಿಯ ಮೇಲೆ ಟಪ್ಪನೆ ಕಣ್ಣೀರು ಬಿತ್ತು.

"ಕೃತ್ತಿಕಾ, ನಂಗೆ ವಾಸನೆ ತಿಳಿಯೊಲ್ಲ. ಎರಡು ವರ್ಷ ಆಯ್ತು," ಎಂದಳು. "ನೆಗಡಿ ಅಂದಿದ್ದು ಸುಳ್ಳು. ಪಾಪನ್ನ ನಿನ್ ಅಮ್ಮನ ಹತ್ರ ಬಿಡು."

ಮುಂಗೋಣೆಯಲ್ಲಿ ಮಗ್ಗ ನಿಂತಿತು. ಕೃತ್ತಿಕಾ ಅತ್ತೆಯ ಪಕ್ಕ ಕೂತಳು. "ಇಷ್ಟು ದಿನ ಒಬ್ರೇ ಹೇಗೆ ನಿಭಾಯ್ಸಿದ್ರಿ ಅತ್ತೆ?" ಎಂದಳು. ಪೆರಿಯನಾಯಕಿ ಏಟಿನ ಲೆಕ್ಕ ಹೇಳಿದಳು. ಸೊಸೆಗೆ ನಗುವೂ ಬಂತು, ಅಳುವೂ ಬಂತು.

ಆಮೇಲೆ ಅವಳು ಎದ್ದು, ಅಯಸ್ಕಾಂತ ಅಂಟಿದ ಪಾತ್ರೆಯಲ್ಲಿ ಹಾಲು ಸುರಿದು, ಕರೆಂಟು ಒಲೆಯ ಮೇಲಿಟ್ಟಳು. "ಮಾಮಾ, ನೆಯ್ಯಿರಿ!" ಎಂದು ಮುಂಗೋಣೆಯ ಮಾವನಿಗೆ ಕೂಗಿದಳು. ಅತ್ತೆ ಸೊಸೆ ಇಬ್ಬರೂ ಬಾಯಿಬಿಟ್ಟು ಎಣಿಸಿದರು. ನೂರಾ ಹದಿನೆಂಟಕ್ಕೆ ಹಾಲು ಎದ್ದಿತು. ಇನ್ನೊಮ್ಮೆ ಇಟ್ಟಾಗಲೂ ಅಷ್ಟೇ.

"ಮಾಮಾ, ಇನ್ನು ಎಳೆ ಕಿತ್ರೆ ಕೂಗ್ಬೇಕು ನೀವು. ಗಂಟು ಆಮೇಲೆ, ಮೊದಲು ಕೂಗು," ಎಂದಳು ಕೃತ್ತಿಕಾ. ಮೈಲ್‌ಸಾಮಿ ತಲೆಯಾಡಿಸಿದ. ಅದೂ ಸದ್ದಿಲ್ಲದೆ! ಈ ಮನುಷ್ಯ ಕೂಗುವುದುಂಟೇ ಎಂದು ಪೆರಿಯನಾಯಕಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಸೋಮವಾರ ಹಾಲಿಟ್ಟು, ಮಗುವನ್ನು ಸೊಂಟಕ್ಕೇರಿಸಿ ಅವಳು ಹಿತ್ತಿಲ ಬಾಗಿಲಿಗೆ ಬಂದಳು. ಚೀಲ ಹೆಗಲಿಗೇರಿಸಿದ ಕೃತ್ತಿಕಾ ಮಗುವಿನ ಕೆನ್ನೆ ಮುಟ್ಟಿ, ಹಿತ್ತಿಲ ಗೇಟಿನವರೆಗೆ ಹೋಗಿ ನಿಂತಳು. ಹೋಗಲಾರದೆ ಚಪ್ಪಲಿಯ ಪಟ್ಟಿ ಸರಿಮಾಡುತ್ತ ನಿಂತಳು. ಅರವತ್ತೊಂದು, ಅರವತ್ತೆರಡು. ಮಗ್ಗ ನಿಂತಿತು.

"ಎಳೆ ಕಿತ್ತೋಯ್ತೂ!"

ಬೀದಿಗೆಲ್ಲ ಕೇಳುವ ಆ ಕೂಗಿಗೆ ಮಗು ಬೆಚ್ಚಿತು. ಪೆರಿಯನಾಯಕಿ ಆಗಲೇ ಒಲೆಯ ಹತ್ತಿರ ಇದ್ದಳು. ಕರೆಂಟು ಒಲೆಯ ಗುಂಡಿ ಒತ್ತಿ ಆರಿಸಿ ಕಿಟಕಿಯಾಚೆ ನೋಡಿದಾಗ ಗೇಟು ಹಾಕಿತ್ತು, ಕೃತ್ತಿಕಾ ಬಸ್ಸಿನ ಕಡೆ ಬೇಗಬೇಗ ನಡೆಯುತ್ತಿದ್ದಳು.