ಗಂಗಾಬಾಯಿಯ ನೀಲಿ ಗೀಟು

ಕೂಕಟ್‌ಪಲ್ಲಿಯ ಹಳೆಯ ಫ್ಲ್ಯಾಟು ಖಾಲಿ ಮಾಡುವಾಗ ಟ್ರಂಕಿನ ತಳದಲ್ಲಿ ಸುಹಾಸಿನಿಗೆ ಅತ್ತೆಯ ಎರಡು ಕ್ಯಾಲೆಂಡರು ಸಿಕ್ಕವು. ೨೦೦೪ರದ್ದೊಂದು, ೨೦೦೬ರದ್ದೊಂದು. ಅತ್ತೆ ಗಂಗಾಬಾಯಿ ತೀರಿಕೊಂಡು ಆರು ವರ್ಷವಾಗಿತ್ತು. ನೀಲಿ ಪೆನ್ಸಿಲಿನ ಗೀಟು ಕಂಡದ್ದೇ ತಡ, ಸುಹಾಸಿನಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಆಗ ಊರಿಗೆಲ್ಲ ಕಂಪ್ಯೂಟರಿನ ಹುಚ್ಚು. ಅಮೆರಿಕದವರ ಹಗಲಿಗಾಗಿ ಇವಳು ರಾತ್ರಿ ದುಡಿಯಬೇಕು. ಬೆಳಿಗ್ಗೆ ಕಂಪನಿಯ ಸುಮೋ ಇಳಿಸಿದರೆ ಮನೆಯಲ್ಲಿ ರೊಟ್ಟಿಯ ಹಿಟ್ಟು ಕಾಯುತ್ತಿತ್ತು. ಗಂಡ ಮಿಲಿಂದ ಒಳ್ಳೆಯವನೇ, ಕುಡಿದ ಲೋಟ ಎತ್ತಿಡಲೂ ಬಾರದಂಥ ಒಳ್ಳೆಯವನು. ಗುಲ್ಬರ್ಗದ ಕಡೆಯ ಮಡಿಯ ಮನೆ. ಸೊಸೆ ಮುಟ್ಟಾದರೆ ಮೂರು ದಿನ ಹೊರಗೆ. ಬಾಲ್ಕನಿಯ ಪಕ್ಕದ ಸಣ್ಣ ಕೋಣೆ, ಒಂದು ಚಾಪೆ, ಅಡುಗೆಮನೆಯ ಕಡೆ ಹೋಗುವಂತಿಲ್ಲ. ಆ ದಿನಗಳಿಗೆ ಅತ್ತೆ ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಿದ್ದರು. ಓದಿದ ಹುಡುಗಿಗೆ ಅವಮಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ, ಅಂಥ ಸುಖದ ನಿದ್ದೆ ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಮೈ ಸೋತಾಗಲೆಲ್ಲ, ಮುಟ್ಟಾಗಲಿ ಬಿಡಲಿ, "ಅತ್ಯಾ, ನಾ ಹೊರಗ" ಅಂದುಬಿಡುತ್ತಿದ್ದಳು. ಪಾಪ, ಹುಡುಗಿಯ ಮೈಯಲ್ಲಿ ಕಸುವಿಲ್ಲವೆಂದು ಗಂಗಾಬಾಯಿ ಬೇಗಂ ಬಜಾರಿನಿಂದ ತಿನ್ನುವ ಅಂಟು ತರಿಸಿ, ಬೆಲ್ಲ ಬೆರೆಸಿ ಉಂಡಿ ಕಟ್ಟಿ ತಿನ್ನಿಸುತ್ತಿದ್ದರು.

ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಿಲ್ಲ. ೨೦೦೪ರ ಆಗಸ್ಟಿನಲ್ಲಿ ಅತ್ತೆ ಸೊಸೆ ಇಬ್ಬರೂ ತಮ್ಮ ಕಡೆಯವರೇ ಆದ ಹೆಂಗಸರ ಡಾಕ್ಟರ್ ಅಮಿತಾರ ಬಳಿ ಹೋದರು. ಅವರು ಊಟ, ನಿದ್ದೆ, ಕೆಲಸ, ಮನಸ್ಸಿನ ನೆಮ್ಮದಿ ಎಲ್ಲ ವಿಚಾರಿಸಿ, ಮುಟ್ಟಿನ ತಾರೀಖು ಕೇಳಿದರು. ಗಂಗಾಬಾಯಿ ಪರೀಕ್ಷೆಯಲ್ಲಿ ಮೊದಲು ಬಂದವರಂತೆ ಕ್ಯಾಲೆಂಡರು ಬಿಚ್ಚಿದರು. "ಒಂದೂ ತಪ್ಪಿಲ್ರಿ, ನಾನೇ ಬರದೀನಿ."

ಅಮಿತಾ ಹುಬ್ಬು ಗಂಟಿಕ್ಕಿದರು. "ಹದಿನೈದು ದಿನಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ. ಇದು ಖರೇ ಇದ್ರ ಭಾಳ ತಪಾಸಣಿ ಮಾಡಬೇಕಾಗ್ತದ, ಔಷಧಾನೂ ಬೇಕಾಗ್ತದ."

ಸುಮ್ಮನಿದ್ದರೆ ಇಲ್ಲದ ರೋಗಕ್ಕೆ ಮದ್ದು, ಮಗುವಿನ ಆಸೆ ಇನ್ನಷ್ಟು ದೂರ. ಬಾಯಿಬಿಟ್ಟರೆ ಅತ್ತೆಯ ಮುಂದೆ ಮಾನ ಹೋಗುತ್ತದೆ.

"ಅದರಾಗ ಅರ್ಧ ಸುಳ್ಳು," ಎಂದಳು ಸುಹಾಸಿನಿ ನೆಲ ನೋಡುತ್ತ. "ಮಲಗಲಿಕ್ಕೆ ಸಿಗಲಿ ಅಂತ ಹಂಗ ಹೇಳಿದ್ದೆ."

ಅಮಿತಾ ಪೆನ್ನು ಕೆಳಗಿಟ್ಟರು. "ಹಂಗಾದ್ರ ಮೊದಲು ನಿದ್ದಿ. ಮುಂದಿನ ಸಲ ನಿಮ್ಮ ಯಜಮಾನ್ರನ್ನೂ ಕರಕೊಂಡು ಬರ್ರಿ. ತಪಾಸಣಿ ಇಬ್ಬರಿಗೂ."

ಮನೆಗೆ ಬಂದವರೇ ಗಂಗಾಬಾಯಿ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ ಪೆನ್ಸಿಲು ತೆಗೆದುಕೊಂಡರು.

"ಖರೇ ತಾರೀಖು ನೀ ಬ್ಯಾರೆ ಬರಕೋ. ಇನ್ನ ಪ್ರತಿ ರವಿವಾರ ನೀ ಹೊರಗ. ಯಾರು ಕೇಳಿದ್ರೂ ನಾ ಉತ್ತರ ಕೊಡತೀನಿ." ಆಮೇಲೆ ಗೋಡೆಯ ಕಡೆಗೇ ತಿರುಗಿ, "ನಾ ಸೊಸಿ ಆಗಿದ್ದಾಗ ನನಗ ಯಾರೂ ಹಿಂಗ ಅಂದಿರಲಿಲ್ಲ," ಎಂದರು.

ಆ ಭಾನುವಾರ ಮಿಲಿಂದ ಮೊದಲ ಸಲ ಹಿಟ್ಟು ಕಲಸಿದ. ರೊಟ್ಟಿ ಯಾವ ಆಕಾರದಲ್ಲಿತ್ತೆಂದು ಕೇಳಬಾರದು. ಚಳಿಗಾಲದ ಹೊತ್ತಿಗೆ ಸುಹಾಸಿನಿ ಹಗಲಿನ ಪಾಳಿಗೆ ಬದಲಾದಳು. ಇಬ್ಬರ ತಪಾಸಣೆಯ ನಂತರ ಅಮಿತಾ ಕೊಟ್ಟ ಔಷಧವನ್ನೂ ತೆಗೆದುಕೊಂಡಳು, ಕಾದಳು, ಅತ್ತಳು.

ಈಗ ಅವಳು ೨೦೦೬ರ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಮಗಳು ತಾರಾ ಹೊಟ್ಟೆಯಲ್ಲಿದ್ದ ವರ್ಷ ಅದು. ಒಂಬತ್ತು ತಿಂಗಳು ಹೊರಗೆ ಕೂರುವ ಪ್ರಶ್ನೆಯೇ ಇರಲಿಲ್ಲ. ಆದರೂ ಒಂದು ಭಾನುವಾರವನ್ನೂ ಬಿಡದೆ ಅತ್ತೆ ನೀಲಿ ಗೀಟು ಎಳೆದಿದ್ದರು.